ಕಾಸಿದ ನೀರು, ಕುದಿಸಿದ ನೀರು

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್ ಹುಡುಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ. "ಪದ್ಮಕ್ಕ, ಅಷ್ಟ ಸಣ್ಣ ಕೂಸಿನ ಕೈಯಾಗ ನರ ಹೆಂಗ ಹುಡುಕ್ತಿದ್ರಿ?" ನರ ಹುಡುಕುವುದೇನು ಮಹಾ ವಿದ್ಯೆಯಲ್ಲ, ಆರು ತಿಂಗಳು ಕೈ ಪಳಗಿದರೆ ತಾನೇ ಬರುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯದೇ ಇದೆ: ಕೂಸಿನ ರಕ್ತಕ್ಕೆ ನಂಜು ಎಲ್ಲಿಂದ ಬಂತು ಅಂತ ಹೇಗೆ ಹುಡುಕುತ್ತಿದ್ದಿರಿ? ಅದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನಿವೃತ್ತಿಯಾದವರಿಗೆ ಉಳಿಯುವ ಅಧಿಕಾರ ಅದೊಂದೇ.

ನಾನು ಭೋಜದ ಒಂದು ಜೈನ ರೈತ ಮನೆತನದ ಸೊಸೆ. ಕೆಲಸ ಮಾಡಿದ್ದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ಕಡೆಯ ಕೂಸುಗಳು ಬಂದು ಸೇರುತ್ತಿದ್ದ ಒಂದು ಆಸ್ಪತ್ರೆಯಲ್ಲಿ. ಅದರ ಹೆಸರು ಬೇಡ. ಮುಂದೆ ಹೇಳುವ ತಪ್ಪು ನನ್ನದು, ಕಟ್ಟಡದ್ದಲ್ಲ.

ಹನ್ನೆರಡು ಕೂಸುಗಳ ಕೋಣೆ ನಮ್ಮದು. ದಿನ ತುಂಬದೆ ಹುಟ್ಟಿದವು, ತೂಕ ಕಡಿಮೆ ಇದ್ದವು, ಹುಟ್ಟಿದ ಮೇಲೆ ಉಸಿರಿಗೆ ಒದ್ದಾಡಿದವು, ಎಲ್ಲವೂ ಅಲ್ಲಿಗೇ. ಕಬ್ಬು ಕಟಾವಿನ ದಿನಗಳಲ್ಲಿ ಆಂಬುಲೆನ್ಸು ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು ತಡವಾಗಿ ಬರುತ್ತಿತ್ತು. ಬಾಗಿಲು ತೆರೆದರೆ ತಾಯಿಗಿಂತ ಮೊದಲು ಅತ್ತೆ ಇಳಿಯುತ್ತಿದ್ದಳು. "ಕೂಸು ಭಾಳ ಶಾಣ್ಯಾ ಐತ್ರಿ, ನಿನ್ನಿಯಿಂದ ಒಂದ ಸಲಾನೂ ಅತ್ತಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಅದನ್ನು ಕೇಳಿದೊಡನೆ ನಾನು ಕೂಸಿನ ಪಾದ ಮುಟ್ಟಿ ನೋಡುತ್ತಿದ್ದೆ. ದೊಡ್ಡವರಿಗೆ ನಂಜಾದರೆ ಮೈ ಸುಡುತ್ತದೆ, ನಡುಗುತ್ತಾರೆ, ಕೂಗಾಡುತ್ತಾರೆ. ಹಸಿ ಕೂಸಿಗೆ ನಂಜಾದರೆ ಅದು ಸುಮ್ಮನಾಗುತ್ತದೆ. ಮೊಲೆ ಬಿಡುತ್ತದೆ, ಎಷ್ಟೋ ಸಲ ಪಾದ ತಣ್ಣಗಾಗುತ್ತದೆ, ಅಷ್ಟೇ. ಅಳದ ಕೂಸಿಗೆ ಹೆದರಬೇಕು ಎಂಬುದು ಈ ಕೆಲಸದ ಮೊದಲ ಪಾಠ.

ಎರಡನೆಯ ಪಾಠ ಕಲಿಸಿದವರು ನಮ್ಮ ಮಕ್ಕಳ ವೈದ್ಯರಾದ ದೇಸಾಯಿ ಡಾಕ್ಟರು. ಧಾರವಾಡದ ಕಡೆಯವರು, ಮಾತು ಮೆತ್ತಗೆ, ಪೆನ್ನು ಬಿರುಸು. ನಂಜಾದ ಕೂಸು ಬಂದರೆ ಅವರ ಮೊದಲ ಪ್ರಶ್ನೆ ಔಷಧದ್ದಾಗಿರುತ್ತಿರಲಿಲ್ಲ. "ಎಷ್ಟನೇ ದಿನಕ್ಕ ಬಂತು?" ಎನ್ನುತ್ತಿದ್ದರು. ಮೊದಲ ಮೂರು ದಿನಗಳೊಳಗೆ ಬಂದರೆ ಅದು ಬಹುಪಾಲು ತಾಯಿಯಿಂದ, ಹೆರಿಗೆಯ ಹೊತ್ತಿನಲ್ಲಿ ಬಂದದ್ದು. ಅದರ ನಂತರ ಬಂದರೆ ಹೊರಗಿನಿಂದ ಬಂದದ್ದು. ಮನೆಯಿಂದ, ಇಲ್ಲವೇ ನಮ್ಮದೇ ಕೈಗಳಿಂದ. "ನಂಜಿಗೂ ಒಂದು ಊರು, ಒಂದು ದಾರಿ ಇರ್ತದ ಸಿಸ್ಟರ್. ಅದನ್ನ ಬರದು ಹಿಡೀಬೇಕು" ಎಂದು ನನಗೆ ಒಂದು ದೊಡ್ಡ ರಿಜಿಸ್ಟರು ಕೊಟ್ಟರು. ಹುಟ್ಟಿದ ಊರು, ತೂಕ, ಲಕ್ಷಣ ಕಂಡ ದಿನ, ಹೊಕ್ಕುಳಿಗೆ ಏನು ಹಚ್ಚಿದ್ದರು, ಯಾವ ಹಾಸಿಗೆ, ಆಕ್ಸಿಜನ್ ಕೊಟ್ಟಿತ್ತೋ ಇಲ್ಲವೋ, ಯಾರ ಪಾಳಿ, ಹೀಗೆ ಎರಡು ಪುಟದ ಅಗಲಕ್ಕೆ ಕಾಲಂಗಳು. ಮೊದಮೊದಲು ನಾನು ಗೊಣಗುತ್ತಿದ್ದೆ. ಇತ್ತ ಕೂಸಿಗೆ ಉಸಿರಿಲ್ಲ, ಅತ್ತ ಇವರಿಗೆ ಊರ ಹೆಸರು ಬೇಕು ಅಂತ. ಆಮೇಲೆ ಆ ರಿಜಿಸ್ಟರನ್ನು ಬೇರೆ ಯಾರೂ ಮುಟ್ಟಬಾರದು ಎನ್ನುವಷ್ಟು ಅದು ನನ್ನದಾಯಿತು.

ಇನ್ನು ನನ್ನ ತಪ್ಪುಗಳು. ಚಿಕ್ಕದರಿಂದ ಶುರು ಮಾಡುತ್ತೇನೆ, ದೊಡ್ಡದಕ್ಕೆ ಧೈರ್ಯ ಬರಲಿ.

ಆಗ ರಕ್ತದಲ್ಲಿ ಯಾವ ಸೂಕ್ಷ್ಮಾಣು ಇದೆ ಎಂದು ನೋಡುವ ಲ್ಯಾಬು ನಮ್ಮಲ್ಲಿ ಇರಲಿಲ್ಲ. ಕೂಸಿನ ಒಂದಿಷ್ಟು ರಕ್ತ ತೆಗೆದು, ಒಳಗೆ ಸಾರಿನಂಥ ದ್ರವ ಇರುವ ಬಾಟಲಿಗೆ ಹಾಕಿ, ಬಸ್ಸಿನಲ್ಲಿ ಬೆಳಗಾವಿಗೆ ಕಳಿಸಬೇಕು. ಸೂಕ್ಷ್ಮಾಣು ಇದ್ದರೆ ಅಲ್ಲಿ ಬೆಚ್ಚಗೆ ಇಟ್ಟಾಗ ಬೆಳೆದು ಗುರುತು ಸಿಗುತ್ತದೆ. ನಾನು ಅದಕ್ಕೂ ಮುಂಚೆ ವರ್ಷಗಟ್ಟಲೆ ಲಸಿಕೆಯ ಕೆಲಸ ಮಾಡಿದವಳು. ಯಾವ ಬಾಟಲಿ ಕಂಡರೂ ಮಂಜುಗಡ್ಡೆಯ ಡಬ್ಬಿ ನೆನಪಾಗುತ್ತಿತ್ತು. ಹಾಗಾಗಿ ರಕ್ತದ ಬಾಟಲಿಗಳನ್ನೂ ಲಸಿಕೆ ಡಬ್ಬಿಯಲ್ಲಿ ಐಸಿನ ನಡುವೆ ಇಟ್ಟು, "ಬಿಸಲಾಗ ಇಡಬ್ಯಾಡ್ರಿ" ಎಂದು ಕಂಡಕ್ಟರಿಗೆ ಹೇಳಿ ಕಳಿಸಿದೆ. ಒಂದಾದ ಮೇಲೊಂದು ವರದಿ ಬಂತು: ಏನೂ ಬೆಳೆದಿಲ್ಲ, ಏನೂ ಬೆಳೆದಿಲ್ಲ. ನಮ್ಮ ಕೋಣೆಗೆ ನಂಜು ಕಾಲಿಡುವುದೇ ಇಲ್ಲ ಎಂದು ನಾನು ಬೀಗಿದ್ದೇ ಬೀಗಿದ್ದು. ಒಂದು ದಿನ ಲ್ಯಾಬಿನವರು ಫೋನು ಮಾಡಿದರು. "ಬಾಯಾರ, ರಕ್ತದ ಬಾಟ್ಲಿ ಹಿಂಗ ಗಡ್ಡಿ ಕಟ್ಟಿಸಿ ಕಳಸ್ತೀರಲ್ಲ, ಇದೇನ ಕುಲ್ಫಿ ಏನ್ರಿ?"

ಆ ಚಳಿಗೆ ಸೂಕ್ಷ್ಮಾಣುಗಳು ಬೆಳೆಯುವುದಿರಲಿ, ಬದುಕುವುದೇ ಕಷ್ಟವಿತ್ತು. ದೇಸಾಯಿ ಡಾಕ್ಟರು ಬೈಯಲಿಲ್ಲ. ರಿಜಿಸ್ಟರಿನಲ್ಲಿ ನಾನು ಅಲ್ಲಿಯವರೆಗೆ ಬರೆದಿದ್ದ "ನಂಜು ಇಲ್ಲ" ಎಂಬುದನ್ನೆಲ್ಲ ಹೊಡೆದುಹಾಕಿಸಿ, "ಗೊತ್ತಿಲ್ಲ" ಎಂದು ಬರೆಸಿದರು. ಇಲ್ಲ ಎನ್ನುವುದಕ್ಕೂ ಗೊತ್ತಿಲ್ಲ ಎನ್ನುವುದಕ್ಕೂ ಎಷ್ಟು ದೂರ ಎಂಬುದು ಅಷ್ಟೂ ಸಾಲು ತಿದ್ದುವಾಗ ನನಗೆ ತಿಳಿಯಿತು.

ಬಾಟಲಿ ಬೆಚ್ಚಗೆ ಹೋಗತೊಡಗಿದ ಮೇಲೆ ಇನ್ನೊಂದು ಫಜೀತಿ. ಈಗ ಬೇಕಾದ್ದು ಬೇಡಾದ್ದು ಎಲ್ಲ ಬೆಳೆಯತೊಡಗಿತು. ಕೂಸು ಆರಾಮಾಗಿ ಹಾಲು ಕುಡಿಯುತ್ತಿದೆ, ವರದಿಯಲ್ಲಿ ಮಾತ್ರ ನಂಜು. ಒಂದು ಮಧ್ಯಾಹ್ನ ನಾನು ರಕ್ತ ತೆಗೆಯುವಾಗ ಡಾಕ್ಟರು ಹಿಂದೆ ಬಂದು ನಿಂತಿದ್ದರು. ಔಷಧ ಹಚ್ಚಿ ಕೂಸಿನ ಕೈ ಒರೆಸಿದ ಮೇಲೆ ಅದು ತಾನಾಗಿ ಒಣಗುವವರೆಗೆ ಕಾಯಬೇಕು. ಕೂಸು ಚೀರುತ್ತಿತ್ತು, ಮಾಸ್ಕು ಕೆಳಗೆ ಸರಿಸಿ ಬೇಗ ಒಣಗಲೆಂದು "ಫೂ, ಫೂ" ಎಂದು ಊದಿದೆ. ನನ್ನ ಮಕ್ಕಳ ಗಾಯಕ್ಕೆ ಹಾಗೇ ಊದುತ್ತಿದ್ದೆ.

"ಸಿಸ್ಟರ್, ಇದು ಕೂಸಿನ ರಕ್ತದ ಪರೀಕ್ಷಾನೋ, ನಿಮ್ಮ ಬಾಯಿದೋ?" ಎಂದರು ಡಾಕ್ಟರು.

ಅವತ್ತಿನಿಂದ ಒರೆಸಿ, ಕೈ ಕಟ್ಟಿ, ಮನಸ್ಸಿನಲ್ಲೇ ನಮ್ಮ ನಮೋಕಾರ ಮಂತ್ರ ಒಂದು ಸಲ ಸಾವಕಾಶ ಹೇಳಿ ಮುಗಿಸಿ, ಆಮೇಲೆ ಸೂಜಿ. ನನ್ನ ಕೈಕೆಳಗೆ ಕಲಿತ ಹುಡುಗಿಯರೆಲ್ಲ ತಮ್ಮ ತಮ್ಮ ದೇವರ ಹೆಸರು ಹೇಳಿ ಅಷ್ಟು ಹೊತ್ತು ಕಾದವರೇ. ಸುಳ್ಳು ವರದಿ ಬರುವುದು ಅಲ್ಲಿಗೆ ನಿಂತಿತು.

ಈಗ ದೊಡ್ಡದು.

ನಮ್ಮಲ್ಲಿ ಕಲ್ಲವ್ವ ಎಂಬ ಆಯಾ ಇದ್ದಳು. ಹಾರೂಗೇರಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಊರಲ್ಲಿ ಎಷ್ಟೋ ಬಾಳಂತಿಯರ ಕೂಸುಗಳಿಗೆ ಎರೆದ ಕೈ ಅವಳದು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹಾಕಿದರೆ ಅದು ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಗುತ್ತಿಗೆಯ ಕೆಲಸ ಅವಳದು. ಮೇಲಿನವರು ಒಂದು ಮಾತು ಹೇಳಿದರೆ ಮರುದಿನ ಅವಳು ಮನೆಯಲ್ಲಿ.

ಉಸಿರಿಗೆ ಕಷ್ಟಪಡುವ ಕೂಸಿಗೆ ಆಕ್ಸಿಜನ್ ಕೊಡುವಾಗ ಒಣ ಗಾಳಿ ಮೂಗಿಗೆ ತಾಗಬಾರದೆಂದು ಅದನ್ನು ನೀರಿನ ಬಾಟಲಿಯೊಂದರ ಮೂಲಕ ಹಾಯಿಸುತ್ತಾರೆ. ಗಾಳಿ ನೀರಿನಲ್ಲಿ ಗುಳ್ಳೆ ಎಬ್ಬಿಸುತ್ತ ಹೋಗುತ್ತದೆ. ನಾವು ಅದಕ್ಕೆ ಗುಳುಗುಳು ಬಾಟಲಿ ಎನ್ನುತ್ತಿದ್ದೆವು. ಅದಕ್ಕೆ ಹಾಕುವುದು ಮೊಹರು ಮಾಡಿ ಬರುವ ಶುದ್ಧ ನೀರು. ಒಂದು ಸಲ ಆ ನೀರಿನ ಸರಬರಾಜು ನಿಂತಿತು. ಬರುವವರೆಗೆ ಏನಾದರೂ ಮಾಡಬೇಕಲ್ಲ. ನಾನು ಕಲ್ಲವ್ವನನ್ನು ಕರೆದು, "ಇವತ್ತಿನಿಂದ ಗುಳುಗುಳು ಬಾಟಲಿಗೆ ನೀರ ಕಾಸಿ, ಆರಿಸಿ ಹಾಕು" ಎಂದೆ. "ಹೂನ್ರಿ ಅಕ್ಕಾರ" ಎಂದಳು. ಅಲ್ಲಿಗೆ ಆ ವಿಷಯ ನನ್ನ ತಲೆಯಿಂದ ಹೋಯಿತು.

ಅದಾಗಿ ವಾರ ಕಳೆಯುವಷ್ಟರಲ್ಲಿ ಕಾಗವಾಡದ ಕಡೆಯ ದ್ರಾಕ್ಷಿ ತೋಟದ ಮನೆಯೊಂದರ ಗಂಡು ಕೂಸು, ಹುಟ್ಟಿದ ಆರನೆಯ ದಿನ, ಹಾಲು ಬಿಟ್ಟಿತು. ಬೆನ್ನಿಗೇ ಅಥಣಿಯ ಒಂದು ಹೆಣ್ಣು ಕೂಸು. ಆಮೇಲೆ ರಾಯಬಾಗದ್ದು. ಕಾಗವಾಡದ ಕೂಸು ಉಳಿಯಲಿಲ್ಲ. ವರದಿ ಬಂದಾಗ ಮೂರರಲ್ಲೂ ಒಂದೇ ಸೂಕ್ಷ್ಮಾಣು, ಹಸಿ ಜಾಗದಲ್ಲಿ, ನೀರಿನಲ್ಲಿ ಮನೆ ಮಾಡುವಂಥದು.

ಡಾಕ್ಟರು ಕೋಣೆಯ ನಡುವೆ ನಿಂತು ಸುತ್ತ ನೋಡಿದರು. "ನೀರು ಎಲ್ಲೆಲ್ಲಿ ಅದ? ಸಿಂಕು, ನಲ್ಲಿ, ಗುಳುಗುಳು ಬಾಟಲಿ."

"ಬಾಟಲಿ ಬಿಡ್ರಿ ಸರ್. ಅದಕ್ಕ ಕಾಸಿದ ನೀರು ಹಾಕ್ತೀವಿ, ನಾನ ಹೇಳೀನಿ" ಎಂದೆ.

ನನ್ನ ಮಾತಿನ ಮೇಲೆ ಅವರಿಗೆ ನಂಬಿಕೆ. ಸಿಂಕು, ನಲ್ಲಿಗಳ ಮಾದರಿ ಮಾತ್ರ ಬೆಳಗಾವಿಗೆ ಹೋಯಿತು. ಅದರ ವರದಿ ಬರಲು ಮೂರು ದಿನ. ಆ ಮೂರು ದಿನಗಳಲ್ಲಿ ನಾಲ್ಕನೆಯ ಕೂಸೂ ನಂಜಿಗೆ ಸಿಕ್ಕಿತು.

ಅದು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಸಂಗೀತಾ ಎಂಬುವಳ ಮಗಳು. ಮೂರು ಸಲ ಬಸಿರು ಕಳಕೊಂಡು ನಾಲ್ಕನೆಯದಕ್ಕೆ ಹುಟ್ಟಿದ್ದು, ತೂಕ ಒಂದು ಕಿಲೋ ಮುನ್ನೂರು ಗ್ರಾಂ. ನಮ್ಮಲ್ಲೇ ಹೆರಿಗೆ, ನಮ್ಮದೇ ಕೋಣೆ. ಒಂಬತ್ತನೆಯ ದಿನದವರೆಗೆ ಹನಿ ಹನಿ ಹಾಲು ಕುಡಿಯುತ್ತ ಬಂದದ್ದು ಅವತ್ತು ಬೆಳಗ್ಗೆ ಬಾಯಿ ತೆರೆಯಲಿಲ್ಲ. ಪಾದ ಮುಟ್ಟಿದೆ, ತಣ್ಣಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಕೂತಿದ್ದ ಸಂಗೀತಾಳ ಅತ್ತೆಯ ಸೊಂಟದ ಚೀಲದಲ್ಲಿ ಹಲ್ಲಿಗೆ ತಿಕ್ಕುವ ಹುರಿದ ತಂಬಾಕಿನ ಪುಡಿ, ಮಿಶ್ರಿ, ಕಂಡಿತು.

"ಈ ಮಿಶ್ರಿ ಕೈಲೇ ಕೂಸಿನ ಹೊಕ್ಕಳಕ್ಕ ಮುಟ್ಟೀರೇನ? ಹಚ್ಚೀರೇನ?" ಎಂದು ಎಲ್ಲರೆದುರು ಜೋರು ಮಾಡಿದೆ.

ಮುದುಕಿ ಎದ್ದು ನಿಂತು ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದಳು. "ನಾಹೀ ಓ ಬಾಯಿ. ಮಿಶ್ರಿ ನನ್ನ ಹಲ್ಲಿಗ್ರಿ. ಕೂಸಿನ ಮಾರಿನ ನಾ ಇನ್ನೂ ನೋಡಿಲ್ಲ, ಹೊಕ್ಕಳಾ ಎಲ್ಲಿಂದ ಮುಟ್ಟಲಿ? ನೀವು ಒಳಗ ಬಿಟ್ಟೀರೇನ ನನ್ನ?"

ಹೌದು. ಹುಟ್ಟಿದ ಗಳಿಗೆಯಿಂದ ಕೂಸು ನಮ್ಮ ಕೋಣೆ ಬಿಟ್ಟು ಹೊರಬಂದಿಲ್ಲ. ರಿಜಿಸ್ಟರಿನಲ್ಲಿ ಅದನ್ನು ಬರೆದವಳು ನಾನೇ. ಬರೆದದ್ದನ್ನು ಓದುವ ಬದಲು ಮುದುಕಿಯ ಮೇಲೆ ಹರಿಹಾಯ್ದಿದ್ದೆ. ನಾಚಿಕೆಯಾಗಿ ಒಳಗೆ ಹೋಗಿ ರಿಜಿಸ್ಟರು ಬಿಚ್ಚಿ ಕೂತೆ.

ನಾಲ್ಕು ಕೂಸು. ಊರು ನಾಲ್ಕು, ತಾಯಂದಿರು ನಾಲ್ಕು, ನಾಲ್ಕಕ್ಕೂ ನಂಜು ಮೂರು ದಿನ ದಾಟಿದ ಮೇಲೆ. ಹಾಗಾದರೆ ಮನೆಯದಲ್ಲ, ನಮ್ಮದು. ಹಾಸಿಗೆ ಬೇರೆ ಬೇರೆ, ಪಾಳಿ ಬೇರೆ ಬೇರೆ. ಒಂದೇ ಕಾಲಂನಲ್ಲಿ ನಾಲ್ಕಕ್ಕೂ ಒಂದೇ ಗುರುತು: ಆಕ್ಸಿಜನ್. ಓಡಿ ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ತಲೆ ಆಡಿಸಿದರು.

"ಅಷ್ಟಕ್ಕ ನಿರ್ಧಾರ ಮಾಡಬ್ಯಾಡ್ರಿ. ಆಕ್ಸಿಜನ್ ಬೇಕಾದ ಕೂಸೇ ಎಲ್ಲಾಕಿಂತ ಸೊರಗಿದ್ದು. ಅದಕ್ಕ ಸೂಜಿನೂ ಹೆಚ್ಚು, ನಾವು ಮುಟ್ಟೋದೂ ಹೆಚ್ಚು. ನಂಜು ಅದರಿಂದ್ಲೂ ಬಂದಿರಬಹುದು."

ಮಾತು ಸರಿಯಾಗಿತ್ತು. ಮತ್ತೆ ಬಂದು ಕೂತೆ. ಆಕ್ಸಿಜನ್ ಮೇಲಿದ್ದ ಕೂಸುಗಳನ್ನಷ್ಟೇ ತೆಗೆದುಕೊಂಡು ಹಿಂದಿನ ಪುಟಗಳಿಗೆ ಹೋದೆ. ಹಿಂದಿನ ತಿಂಗಳೂ ಅಷ್ಟೇ ಸೊರಗಿದ ಕೂಸುಗಳಿದ್ದವು, ಅಷ್ಟೇ ಸೂಜಿ ಚುಚ್ಚಿದ್ದೆವು, ಅವೇ ಕೈಗಳು ಮುಟ್ಟಿದ್ದವು. ಅವುಗಳಲ್ಲಿ ಒಂದಕ್ಕೂ ಈ ಸೂಕ್ಷ್ಮಾಣು ಬಂದಿರಲಿಲ್ಲ. ಪುಟ ತಿರುವುತ್ತ ಬಂದಂತೆ ದಿನಾಂಕ ನೋಡಿ ನೆನಪಾಯಿತು: ನಂಜು ಶುರುವಾದದ್ದು ಮೊಹರಿನ ನೀರು ಮುಗಿದ ಮೇಲೆ. ಅದಕ್ಕೂ ಮೊದಲು ಇಲ್ಲ. ಬದಲಾಗಿದ್ದು ಅದೊಂದೇ.

ಡಾಕ್ಟರು ಈ ಸಲ ಪುಟವನ್ನು ಬಹಳ ಹೊತ್ತು ನೋಡಿದರು. "ಸಿಸ್ಟರ್, ನೀರು ಕುದಿಸಿದ್ದು ಖರೇನ?"

"ಖರೇನ ಸರ್. ಬರ್ರಿ, ನೀವ ನೋಡ್ರಿ" ಎಂದು ಸ್ವಲ್ಪ ಬಿಂಕದಿಂದಲೇ ಅವರನ್ನು ಕರೆದುಕೊಂಡು ಹೋದೆ.

ಹಾಲು ಕಾಸುವ ಚಿಕ್ಕ ಕೋಣೆಯಲ್ಲಿ ಕಲ್ಲವ್ವ ಗ್ಯಾಸಿನ ಮೇಲೆ ಪಾತೇಲಿ ಇಟ್ಟಿದ್ದಳು. ನೀರಿನಿಂದ ತೆಳ್ಳಗೆ ಹಬೆ ಎದ್ದಿತು. ಅಷ್ಟರಲ್ಲಿ ಗ್ಯಾಸು ಆರಿಸಿದಳು. ಬಳೆ ಮೇಲಕ್ಕೆ ಸರಿಸಿ ಮೊಣಕೈಯನ್ನು ಮೆಲ್ಲಗೆ ನೀರಿಗೆ ಅದ್ದಿದಳು.

"ಕಲ್ಲವ್ವಾ, ಏನ ಮಾಡಾಕತ್ತೀ?"

"ಹದಾ ನೋಡಾಕತ್ತೀನ್ರಿ ಅಕ್ಕಾರ. ಕೂಸಿನ ಮೂಗಿಗೆ ಹೋಗೂ ನೀರು. ಸುಟ್ಟರ ಹೆಂಗ್ರಿ?"

"ಕಾಸಿದ ನೀರ ಹಾಕಂತ ಹೇಳಿದ್ನೆಲ್ಲಾ?"

"ಕಾಸೀನೆಲ್ರಿ ಮತ್ತ. ಇದ ಕಾಸಿದ ನೀರು."

"ಇದು ಕುದೀಲೇ ಇಲ್ಲಲ್ಲ!"

ಕಲ್ಲವ್ವ ನನ್ನ ಮುಖವನ್ನೇ ನೋಡಿದಳು. "ಕುದಸಂತ ಯಾವಾಗ ಹೇಳಿದ್ರಿ? ಕಾಸು ಅಂದ್ರಿ. ಕುದಿಯೂದು ಆ ಬಾಟಲ್ಯಾಗ ಕುದೀತೈತೆಲ್ರಿ, ಗುಳುಗುಳು ಅಂತ."

ನಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಸಿ, ಆರಿಸಿಯೇ ಕುಡಿಯುವುದು. "ನೀರ ಕಾಸೀಯೇನ?" ಎಂದು ನನ್ನ ಅತ್ತೆ ಕೇಳಿದರೆ ಅದು ಮರಳಿ ಮರಳಿ ಕುದ್ದಿರಬೇಕು ಎಂದೇ ಅರ್ಥ. ಕುದ್ದ ನೀರಿಗೂ ಒಂದು ದಿನದ ಗಡುವು, ಮರುದಿನ ಅದು ತುಳಸಿಗೋ ಮಲ್ಲಿಗೆ ಬಳ್ಳಿಗೋ. ಇಪ್ಪತ್ತು ವರ್ಷ ಆ ಒಲೆಯ ಮುಂದೆ ನಿಂತವಳಿಗೆ ಕಾಸು ಎಂಬ ಮಾತಿಗೆ ಬೇರೆ ಅರ್ಥ ಇದೆ ಎಂದು ಹೊಳೆಯಲೇ ಇಲ್ಲ. ಉಳಿದ ಊರಿಗೆಲ್ಲ ಕಾಸುವುದು ಎಂದರೆ ಜಳಕದ ನೀರು. ಕೂಸಿಗೆ ಎರೆಯುವ ಕಲ್ಲವ್ವನಿಗೆ ಅದು ಮೊಣಕೈ ಒಪ್ಪುವ ಹದದ ನೀರು. ನಾನು ನನ್ನ ಮನೆಯ ಮಾತು ಹೇಳಿದ್ದೆ, ಅವಳು ಅವಳ ಕೈಯ ಕೆಲಸ ಮಾಡಿದ್ದಳು. ಉಗುರುಬೆಚ್ಚಗಿನ ನೀರು, ಅದರಲ್ಲಿ ಅದ್ದಿದ ಮೊಣಕೈ, ಅದನ್ನು ಕುಡಿದಂತೆ ಉಸಿರಾಡಿದ ಕೂಸುಗಳು.

ದೇಸಾಯಿ ಡಾಕ್ಟರು ನನ್ನ ಕೈಯಲ್ಲಿದ್ದ ರಿಜಿಸ್ಟರನ್ನು ನೋಡಿ ಹೇಳಿದರು, "ಒಂದು ಕಾಲಂ ಕಡಿಮಿ ಬಿತ್ತು ನೋಡ್ರಿ."

ನೀರಿನ ಕಾಲಂ ನಾನು ಹಾಕಿರಲೇ ಇಲ್ಲ. ಅದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲವಲ್ಲ. ಹುಡುಗಿಯರೇ, ಇದೊಂದನ್ನು ನನ್ನಿಂದ ತೆಗೆದುಕೊಳ್ಳಿ: ನಿಮಗೆ ಯಾವುದು ಖಾತ್ರಿಯೋ ಅದನ್ನೇ ಮೊದಲು ಕಣ್ಣಾರೆ ನೋಡಿ ಬರೆಯಿರಿ.

ಆ ಗಳಿಗೆಗೇ ಬಾಟಲಿಗಳನ್ನೆಲ್ಲ ಕಿತ್ತೆವು. ಡಾಕ್ಟರು ತಾವೇ ಕಾರಿನಲ್ಲಿ ಹೋಗಿ ಮೊಹರಿನ ನೀರು ತಂದರು. ಸಿಂಕು, ನಲ್ಲಿಗಳ ವರದಿಯಲ್ಲಿ ಆ ಸೂಕ್ಷ್ಮಾಣು ಇರಲಿಲ್ಲ. ಹಳೆಯ ಬಾಟಲಿಗಳ ನೀರು ಬೆಳಗಾವಿಗೆ ಹೋಗಿ ಅದರಲ್ಲಿ ಅದೇ ಸೂಕ್ಷ್ಮಾಣು ಬೆಳೆಯಿತು. ಐದನೆಯ ಕೂಸಿಗೆ ನಂಜು ಬರಲಿಲ್ಲ. ಈ ಒಂದು ಸಾಲು ಬರೆಯುವಾಗ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಅಥಣಿ, ರಾಯಬಾಗದ ಕೂಸುಗಳು ಔಷಧಕ್ಕೆ ಚೇತರಿಸಿಕೊಂಡವು, ಆದರೆ ನಾಲ್ಕನೆಯದು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಮೊದಲು ನಾನು ಹೊರಗೆ ಹೋಗಿ ಸಂಗೀತಾಳ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. "ನಿಮ್ಮದೇನೂ ತಪ್ಪಿರಲಿಲ್ಲರಿ ಅಮ್ಮಾ. ನಮ್ಮ ನೀರಿನಿಂದ ಆಗೇತಿ. ನಾ ಸುಮ್ಮಸುಮ್ಮನ ಬೈದೆ" ಎಂದೆ. ಮುದುಕಿ, "ಬೈದದ್ದ ಹೋಗ್ಲಿ. ಪೋರಿಗೆ ಒಮ್ಮಿ ಅಳಸ್ರಿ ಬಾಯಿ" ಎಂದಳು. ಮೊಮ್ಮಗಳ ಅಳು ಕೇಳಬೇಕಿತ್ತು ಅವಳಿಗೆ, ಅಷ್ಟೇ.

ಅದೇ ವಾರ ಮೇಲಿನ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಡಾಕ್ಟರು, ನಾನು, ಬಾಗಿಲ ಹತ್ತಿರ ಒರೆಸುವ ಕೋಲು ಹಿಡಿದು ಕಲ್ಲವ್ವ. ಅಧಿಕಾರಿಗಳು ಕಾಗದ ನನ್ನ ಮುಂದೆ ತಳ್ಳಿದರು.

"ನೀರು ಹಾಕಿದ ಆಯಾಳ ಹೆಸರು ಬರೀರಿ. ಗುತ್ತಿಗೆಯವಳಲ್ವಾ? ಇವತ್ತೇ ತೆಗೆಸಿಬಿಡೋಣ. ವಿಷಯ ಮುಗೀತು."

ವಿಷಯ ಮುಗಿಯುತ್ತಿತ್ತು ನಿಜ. ನನ್ನ ಸೇವೆ ಚೊಕ್ಕಟವಾಗಿ ಉಳಿಯುತ್ತಿತ್ತು. ನಾನು ಏನೂ ಮಾತಾಡದೆ ಸಹಿ ಹಾಕಿದ್ದರೂ ಸಾಕಿತ್ತು. ಕಲ್ಲವ್ವ ಕೋಲಿನ ಮೇಲೆ ಗದ್ದ ಊರಿ ನನ್ನನ್ನು ನೋಡುತ್ತಿದ್ದಳು, ಬೇಡುವ ನೋಟವೂ ಅಲ್ಲ, ಬೈಯುವ ನೋಟವೂ ಅಲ್ಲ.

"ಸರ್, ಆಕಿ ಹೇಳಿದ್ದನ್ನ ಮಾಡ್ಯಾಳ್ರಿ. ಹೇಳಿದ್ದ ತಪ್ಪಾಗೇತಿ. ಹೇಳಿದಾಕಿ ನಾನು" ಎಂದು ನನ್ನ ಹೆಸರು ಬರೆದೆ.

ಮೆಮೊ ಬಂತು. ನನ್ನ ಹತ್ತಿರ ಸನ್ಮಾನಪತ್ರಗಳೂ ಇವೆ, ಯಾವ ಪೆಟ್ಟಿಗೆಯಲ್ಲಿವೆಯೋ ತಿಳಿಯದು. ಆ ಮೆಮೊ ಮಾತ್ರ ಕಪಾಟಿನಲ್ಲಿ ಕೈಗೆ ಸಿಗುವಂತೆ ಇಟ್ಟಿದ್ದೇನೆ. ನನ್ನ ಮೊಮ್ಮಗಳು ಕೇಳಿದರೆ ತೋರಿಸುತ್ತೇನೆ.

ಅವತ್ತು ಎಲ್ಲರೂ ಹೋದ ಮೇಲೆ ಕಲ್ಲವ್ವ ಹತ್ತಿರ ಬಂದಳು. ಕೆಲಸ ಉಳಿಯಿತೆಂಬ ಸಮಾಧಾನ ಅವಳ ಮುಖದಲ್ಲಿ ಕಾಣಲಿಲ್ಲ.

"ಅಕ್ಕಾರ, ಕಾಗವಾಡದ ಕೂಸು ನನ್ನ ಕೈಯಾಗ ಹೋತೇನ್ರಿ?"

"ನಿನ್ನ ಕೈಯಾಗಲ್ಲ ಕಲ್ಲವ್ವಾ. ನನ್ನ ಬಾಯಾಗ."

ಇಬ್ಬರೂ ಅಲ್ಲೇ ಕೂತು ಅತ್ತೆವು. ಮೂರು ದಿನ ಅವಳು ಬರಲಿಲ್ಲ. ನಾಲ್ಕನೆಯ ದಿನ ಮೊದಲ ಬಸ್ಸಿಗೆ ಬಂದು, ಏನೂ ಆಗಿಲ್ಲವೆಂಬಂತೆ ಬಕೆಟ್ಟು ಎತ್ತಿಕೊಂಡಳು. ಅವಳು ನೆಲ ಒರೆಸುತ್ತಿದ್ದಾಗಲೇ ನಿಪ್ಪಾಣಿಯ ಕೂಸು ಕಾಲು ಆಡಿಸಿತು, ಮುಖ ಕಿವುಚಿತು, ಬೆಕ್ಕಿನ ಮರಿಯಂತೆ ಒಂದು ಎಳೆ ದನಿ ತೆಗೆಯಿತು. ಆಮೇಲೆ ಜೋರಾಗಿ ಅತ್ತಿತು. ನಾನು ಕೋಣೆಯ ಬಾಗಿಲನ್ನು ಒಂದಿಷ್ಟು ತೆರೆದಿಟ್ಟೆ. ನಿಯಮಕ್ಕೆ ವಿರುದ್ಧ, ಗೊತ್ತು. ಹೊರಗಿನ ಬೆಂಚಿನ ಮೇಲೆ ಸಂಗೀತಾ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದಳು. ಮುದುಕಿ, "ಅಳ್ತೈತ್ರಿ! ಆಮಚಿ ಪೋರ್ ರಡತೆ!" ಎಂದು ಎರಡೂ ಭಾಷೆಯಲ್ಲಿ ಇಡೀ ವರಾಂಡಕ್ಕೆ ಸಾರಿದಳು.

ಕಾಗವಾಡದ ತಂದೆಗೂ ಹೇಳಿದೆವು. ಡಾಕ್ಟರು ಮಾತಾಡಿದರು, ನಾನು ಪಕ್ಕದಲ್ಲಿ ನಿಂತಿದ್ದೆ. ಆತ ಕೇಳಿಸಿಕೊಂಡು ಎದ್ದು ಹೋದ. ಎರಡು ವರ್ಷದ ಮೇಲೆ ಹೆಂಡತಿಯನ್ನು ಹೆರಿಗೆಗೆ ಮತ್ತೆ ನಮ್ಮಲ್ಲಿಗೇ ಕರೆತಂದ. ನನ್ನನ್ನು ಗುರುತು ಹಿಡಿದು ಹತ್ತಿರ ಬಂದು, "ಈಗ ನೀರ ಕುದಸ್ತೀರೇನ್ರಿ?" ಎಂದು ಕೇಳಿದ. ವ್ಯಂಗ್ಯ ಇರಲಿಲ್ಲ. ಅವನಿಗೆ ಗೊತ್ತಾಗಬೇಕಿತ್ತು. ನಾನು ಒಳಗೆ ಕರೆದುಕೊಂಡು ಹೋಗಿ, ಮೊಹರಿನ ನೀರು, ಬಾಟಲಿಯ ಮೇಲೆ ಬರೆದ ದಿನಾಂಕ, ಹಾಕಿದ ಗಂಟೆ, ಹಾಕಿದವರ ಹೆಸರು ಎಲ್ಲ ತೋರಿಸಿದೆ. ಒಂದು ದಿನ ದಾಟಿದ ನೀರು ಚೆಲ್ಲಬೇಕು ಎಂಬುದು ಪುಸ್ತಕದಲ್ಲೂ ಇತ್ತು. ಆದರೆ ನನ್ನನ್ನು ಅದಕ್ಕೆ ಕಟ್ಟಿಹಾಕಿದ್ದು ನಮ್ಮ ಅತ್ತೆಯ ಗಡುವು. ಆತ ಎಲ್ಲ ನೋಡಿ ತಲೆಯಾಡಿಸಿ ಹೊರಗೆ ಹೋಗಿ ಕೂತ. ಆ ಕೂಸಿಗೆ ನಮ್ಮ ಕೋಣೆಯ ಅಗತ್ಯವೇ ಬೀಳಲಿಲ್ಲ, ನೇರ ತಾಯಿಯ ಮಡಿಲಿಗೆ ಹೋಯಿತು.

ಆಮೇಲೆ ಬಹಳ ಬದಲಾಯಿತು. ರಕ್ತದ ಬಾಟಲಿ ಈಗ ಬಸ್ಸು ಹತ್ತುವುದಿಲ್ಲ, ಯಂತ್ರ ಬಂದಿದೆ. ನನ್ನ ರಿಜಿಸ್ಟರು ಕಂಪ್ಯೂಟರಿಗೆ ಹೋಗಿದೆ. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ತಾಯಂದಿರು ಒಳಗೆ ಬಂದು ಕೂಸನ್ನು ಎದೆಗೆ ಒತ್ತಿಕೊಂಡು ಕೂರುತ್ತಾರೆ. ಅದರಿಂದ ನಂಜು ಹೆಚ್ಚುತ್ತದೆ ಎಂದು ವಾದ ಮಾಡಿದವರಲ್ಲಿ ನಾನೂ ಒಬ್ಬಳು, ಸೋತೆ, ಸೋತದ್ದು ಒಳ್ಳೆಯದೇ ಆಯಿತು. ಕಲ್ಲವ್ವ ಬಾಗಿಲ ಕಾವಲಿಗೆ ನಿಂತಳು. ಉಂಗುರ, ವಾಚು ತೆಗೆದು ಕೈ ತೊಳೆಯದೆ ಅವಳನ್ನು ದಾಟಿ ಯಾರೂ ಹೋಗುವಂತಿರಲಿಲ್ಲ. ಒಮ್ಮೆ ಭೇಟಿಗೆ ಬಂದ ದೊಡ್ಡ ಮನುಷ್ಯರೊಬ್ಬರು ಉಂಗುರ ಬೆರಳಿಗೆ ಬಿಗಿಯಾಗಿದೆ, ಬರುವುದಿಲ್ಲ ಎಂದರು. "ಸಾಬೂನ ಹಚ್ಚತೀನ್ರಿ, ಬರ್ತೈತಿ. ಬರಲಿಲ್ಲಂದ್ರ ಕಾಜಿನಾಗಿಂದ ನೋಡ್ರಿ" ಎಂದು ಗಾಜಿನ ಕಿಟಕಿ ತೋರಿಸಿದಳು. ಅವರು ಗಾಜಿನಿಂದಲೇ ನೋಡಿ ಹೋದರು. ದೇಸಾಯಿ ಡಾಕ್ಟರು ಒಳಗೆ ಬೆನ್ನು ತಿರುಗಿಸಿ ನಗುತ್ತಿದ್ದರು.

ನನ್ನ ಕೊನೆಯ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ಶಾಲನ್ನು ಹೊರಗೆ ಬಿಟ್ಟು, ಕೈ ತೊಳೆದು, ಕೋಣೆಗೆ ಕೊನೆಯ ಸಲ ಹೋದೆ. ಮೈಸೂರು ಕಡೆಯ ಹೊಸ ನರ್ಸ್ ಹುಡುಗಿಯೊಬ್ಬಳು ಅದೇ ವಾರ ಸೇರಿದ ಆಯಾಗೆ ಹೇಳುತ್ತಿದ್ದಳು, "ತಾಯಂದಿರಿಗೆ ಕುಡಿಯೋ ನೀರು ಕಾಯಿಸಿ ಇಟ್ಟುಬಿಡಿ."

ಬಾಗಿಲಿನಿಂದ ಕಲ್ಲವ್ವನ ದನಿ ಬಂತು. "ಕಾಸಿ ಅಲ್ಲ ಬೇ, ಕುದಸಿ! ಗುಳುಗುಳು ಅನ್ನೂತನಕಾ ಕುದಸಿ! ಮತ್ತ ಸಿಸ್ಟರ್, ಹೇಳಿ ಕೈಬಿಡಬ್ಯಾಡ್ರಿ. ಆಕಿ ಏನ ಮಾಡತಾಳಂತ ಒಮ್ಮಿ ಹೋಗಿ ನಿಂತ ನೋಡ್ರಿ. ನಮ್ಮ ಅಕ್ಕಾರ ಹಂಗ ಕಲಿಶ್ಯಾರು."

ಹುಡುಗಿ ನನ್ನ ಕಡೆ ತಿರುಗಿ ಕೈ ಮುಗಿದಳು. ಕಲ್ಲವ್ವನ ಕಡೆ ನೋಡಿದೆ. ಅವಳು ಬೇಕೆಂತಲೇ ಬೇರೆ ಕಡೆ ನೋಡುತ್ತಿದ್ದಳು.

ಅವತ್ತು ನನಗೆ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ, ರಿಜಿಸ್ಟರಿನಲ್ಲಿ ತಪ್ಪು ಸಾಲು ತಿದ್ದುವ ಹಾಗೆ ಇದನ್ನೂ ತಿದ್ದಿಕೊಳ್ಳಿ. ಕಲಿಸಿದವಳು ನಾನಲ್ಲ. ಕಲ್ಲವ್ವ.